ಹುಳದ ಮನೆಯ ಬಾಗಿಲಲ್ಲಿ ಒಂದು ಕಿವಿ

ಹುಲಿಯೂರುದುರ್ಗದ ಹತ್ತಿರದ ನಮ್ಮೂರಿನಲ್ಲಿ ಹೊಂಬಾಳಮ್ಮನ ಕಿವಿಗೆ ಇದ್ದ ಹೆಸರು ಪಟೇಲರ ಮೀಸೆಗೂ ಇರಲಿಲ್ಲ. ಗುಬ್ಬಿ ಕಡೆಯ ಹೆಣ್ಣು. ಕುಣಿಗಲ್ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಾ ನಿಂತವಳು, ಇಲ್ಲಿ ಮನೆಯಲ್ಲಿ ಮೂರನೇ ತಟ್ಟೆಯ ರೇಷ್ಮೆ ಹುಳಕ್ಕೆ ಹೊಟ್ಟೆನೋವು ಬಂದದ್ದನ್ನು ಕೇಳಿಸಿಕೊಂಡು ಬಸ್ಸು ಹತ್ತಿ ಬಂದುಬಿಡುತ್ತಿದ್ದಳು ಎಂದರೆ ನೀವು ನಂಬಬೇಕಿಲ್ಲ, ನಮ್ಮೂರಿನವರು ನಂಬಿದ್ದರು. ಗಂಡ ರಾಮಾಂಜಿನಯ್ಯನ ಕಿವಿಯೇ ಬೇರೆ. ಪಕ್ಕದಲ್ಲಿ ಲಾರಿ ಹಾರನ್ ಹೊಡೆದರೆ ಯಾರಪ್ಪ ಕೆಮ್ಮಿದ್ದು ಎಂದು ಕೇಳುವಂಥದ್ದು.

ಕೊನೆಯ ಪೊರೆ ಬಿಟ್ಟು ಎದ್ದ ಹುಳಗಳು ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಹಿಡಿದ ಹಾಗಿರುತ್ತದೆ. ಹೊಂಬಾಳಮ್ಮನ ಸಾಕಣೆಯೆಲ್ಲ ಆ ಸದ್ದಿನ ಮೇಲೇ ನಿಂತಿತ್ತು. ಬೆಳಗಿನ ಸೊಪ್ಪು ಹಾಕಿ ಹೊರಗೆ ಬಂದರೆ ಇಳಿಹೊತ್ತಿನ ಸೊಪ್ಪಿನ ತನಕ ಬಾಗಿಲು ತೆಗೆಯುವಂತಿಲ್ಲ, ಹುಳ ಕೊಲ್ಲುವ ನೊಣ ನುಗ್ಗುತ್ತದೆ. ಕಿಟಕಿ ಸುಮ್ಮನೆ ತೆಗೆದಿಟ್ಟರೆ ಬಿಸಿಗಾಳಿಗೆ ಸೊಪ್ಪು ಒಣಗುತ್ತದೆ. ಅದಕ್ಕೇ ಅವಳು ಜಗಲಿಯ ಮೇಲೆ, ಜಾಲರಿ ಬಾಗಿಲಿನ ಪಕ್ಕ ಕೂತು ಕಿವಿಯಲ್ಲೇ ಕಾಯುತ್ತಿದ್ದಳು. ಮೇಯುವ ಸದ್ದು ಸಣ್ಣಗಾಯಿತೋ, ಒಳಗೆ ಸೆಕೆ ಏರಿದೆ ಎಂದು ಅರ್ಥ. ಆಗ ಕಿಟಕಿ ತೆಗೆದು, ಗೋಣಿತಾಟು ನೆನೆಸಿ ಇಳಿಬಿಡುವುದು.

ಸೊಪ್ಪು ಹಾಕುವಾಗ ಮಾತ್ರ ಅವಳು ಹಾಡುತ್ತಿದ್ದಳು. ಮದುವೆಮನೆಗೆ ಕರೆದರೂ ಬಾಯಿ ಬಿಡುತ್ತಿರಲಿಲ್ಲ. ಜನರ ಮುಂದೆ ಗಂಟಲು ಕಟ್ಟುತ್ತೆ, ಹುಳದ ಮುಂದೆ ಏನು ನಾಚಿಕೆ ಎನ್ನುತ್ತಿದ್ದಳು. ತೊಂಬತ್ತೆಂಟರಲ್ಲಿ ರಾಮಾಂಜಿನಯ್ಯ ಯಾರದೋ ಟೇಪ್‌ರೆಕಾರ್ಡರು ಕೇಳಿ ತಂದು, ಹುಳದ ಮನೆಯೊಳಗೇ ಇಟ್ಟು, ಅವಳ ಹಾಡುಗಳನ್ನು ಒಂದು ಕ್ಯಾಸೆಟ್ಟಿಗೆ ತುಂಬಿಸಿದ. ಮೂರು ವರ್ಷದ ಮೇಲೆ ಅವಳಿಗೆ ಕಾಮಾಲೆಯಾಯಿತು. ಎಂಟು ದಿನಕ್ಕೆ ಹೋಗಿಬಿಟ್ಟಳು.

ಮನೆಯ ಇನ್ನರ್ಧದಲ್ಲಿ ರಾಮಾಂಜಿನಯ್ಯನ ತಮ್ಮ ಕನಕರಾಜು ಇದ್ದ. ಕೆಟ್ಟವನಲ್ಲ. ಆದರೆ ಊರಿನವರು ರಾಗಿ ಹೊತ್ತುಕೊಂಡು ಹುಲಿಯೂರುದುರ್ಗಕ್ಕೆ ಹೋಗಿ ಬೀಸಿಸುವುದು ತಪ್ಪಬೇಕಾದರೆ ಹಿಟ್ಟಿನ ಗಿರಣಿಯೊಂದು ಬೇಕು, ಅದಕ್ಕೆ ಹುಳದ ಮನೆಯಂಥ ಜಾಗ ಇನ್ನೊಂದಿಲ್ಲ ಎಂದು ಅವನ ಲೆಕ್ಕ. ಹುಳ ಸಾಕಿದ್ದೆಲ್ಲ ಅತ್ತಿಗೆ, ಅಣ್ಣನಿಗೆ ಅದು ಬಾರದು ಎಂದ. ರಾಮಾಂಜಿನಯ್ಯ ಒಂದೇ ಒಂದು ಬೆಳೆ ಕೇಳಿಕೊಂಡ. ತಾನೊಬ್ಬನೇ ಸಾಕಿ ಗೂಡು ಕಟ್ಟಿಸಿದರೆ ಮನೆ ಹುಳಕ್ಕೆ, ಇಲ್ಲವಾದರೆ ಗಿರಣಿಗೆ. ಹೆಂಡತಿ ಓಡಾಡಿದ ಜಾಗ ಅಂತ ಅವನಿಗೆ ಉಳಿದಿದ್ದು ಅದೊಂದೇ.

ಆಗಲೇ ಅವನು ತುಮಕೂರಿಗೆ ಹೋಗಿ, ಶಿರಾ ಗೇಟಿನಲ್ಲಿ ಒಂದು ಹಳೇ ವಾಕ್‌ಮನ್ನು, ಹೆಡ್‌ಫೋನು ತಂದದ್ದು. ಒಂದೊಂದು ಕಿವಿಯ ಮೇಲೂ ಒಂದೊಂದು ತಟ್ಟೆ ಇಡ್ಲಿ ಕೂತ ಹಾಗಿತ್ತು. ಆದರೆ ಎಡಗಿವಿಯದನ್ನು ಹಿಂದಕ್ಕೆ ಸರಿಸಿಕೊಂಡಿರುತ್ತಿದ್ದ. ಬಲಗಿವಿಗೆ ಹಾಡು, ಎಡಗಿವಿಗೆ ಹುಳ. ದಾರಿಯಲ್ಲಿ ಹೋಗುವ ಕಲ್ಲಮ್ಮ ಬಿಡುವವಳಲ್ಲ.

"ಏನ್ ರಾಮಾಂಜಿನಯ್ಯ, ಒಂದ್ ಕಿವಿ ಹೆಂಡ್ರಿಗೆ, ಒಂದ್ ಕಿವಿ ಹುಳಕ್ಕೆ. ನಮ್ಗೆ ಯಾವ್ ಕಿವಿ ಮಡ್ಗಿದೀಯ?"

"ನಿನ್ ಮಾತ್ಗೆ ಕಿವಿ ಯಾಕವ್ವ, ಗೋಡೆ ಆಚೆ ಇದ್ರೂ ಕೇಳುಸ್ತದೆ."

ಹುಳ ಚೆನ್ನಾಗಿ ಬಂತು. ಒಂದು ಪೊರೆ, ಎರಡು ಪೊರೆ, ನಾಲ್ಕೂ ಪೊರೆ ದಾಟಿತು. ಹೊಂಬಾಳಮ್ಮನ ಕಿವಿ ತನಗೆ ಬಂದಿದೆ ಎಂದು ರಾಮಾಂಜಿನಯ್ಯ ನನ್ನ ಹತ್ತಿರ ಗುಟ್ಟಾಗಿ ಹೇಳಿದ. ಎಡಗಿವಿಗೆ ಹುಳ ಮೇಯುವುದು ಬಿಡಿ ಬಿಡಿಯಾಗಿ ಕೇಳುತ್ತಿದೆಯಂತೆ. ನಾನೂ ನಂಬಿದೆ. ಗೂಡಿಗೆ ಇನ್ನು ಮೂರೇ ದಿನ ಇತ್ತು.

ಏಪ್ರಿಲ್ ತಿಂಗಳು. ಆವತ್ತಿನ ಬಿಸಿಲಿಗೆ ಕೋಳಿ ಬೆಂದ ಮೊಟ್ಟೆಯನ್ನೇ ಇಡುತ್ತಿತ್ತು. ಹನ್ನೊಂದಕ್ಕೆ ಸೊಪ್ಪು ಹಾಕಿ, ಬಾಗಿಲು ಮುಚ್ಚಿ, ಅವನು ಜಗಲಿಯಲ್ಲಿ ಕೂತ. ಕ್ಯಾಸೆಟ್ಟಿನ ಮಗ್ಗುಲು ಬದಲಿಸುತ್ತಾ, ಬದಲಿಸುತ್ತಾ ನಾಲ್ಕು ಗಂಟೆಯಾಯಿತು. ಮಳೆ ಹಿಡಿದ ಹಾಗೆ ಮೇಯುತ್ತಲೇ ಇದ್ದವಂತೆ. ಕಿಟಕಿ ತೆಗೆಯುವ ಮಾತೇ ಬರಲಿಲ್ಲ.

ಇಳಿಹೊತ್ತಿನ ಸೊಪ್ಪು ಹೊತ್ತು ಬಾಗಿಲು ತೆಗೆದಾಗ ಒಳಗಿನ ಝಳ ಮುಖಕ್ಕೆ ಹೊಡೆಯಿತು. ಬೆಳಗಿನ ಸೊಪ್ಪು ಹಾಕಿದ ಹಾಗೇ ಸುರುಟಿ ಬಿದ್ದಿತ್ತು. ಹುಳಗಳು ಅದರ ಮೇಲೆ ದಾರದ ತುಂಡಿನ ಹಾಗೆ ಚಾಚಿಕೊಂಡಿದ್ದವು. ಎಷ್ಟು ಹೊತ್ತಿನಿಂದ ಬಾಯಿ ಮುಚ್ಚಿದ್ದವೋ.

ರಾಮಾಂಜಿನಯ್ಯ ತಟ್ಟೆಯಿಂದ ತಟ್ಟೆಗೆ ಹೋಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಎಲ್ಲ ಮೇಯ್ತಿದ್ವಲ್ಲ, ಈಗ ತಾನೆ ಮೇಯ್ತಿದ್ವಲ್ಲ ಎಂದು ಅದನ್ನೇ ಹೇಳುತ್ತಿದ್ದ. ಕನಕರಾಜು ನೀರು ತಂದ, ಕಿಟಕಿ ತೆಗೆದ, ಗೋಣಿ ನೆನೆಸಿದ. ಯಾವುದೂ ತಲೆ ಎತ್ತಲಿಲ್ಲ. ಆಮೇಲೆ ಜಗಲಿಯ ಮೇಲೆ ಬಿದ್ದಿದ್ದ ಹೆಡ್‌ಫೋನನ್ನು ಸುಮ್ಮನೆ ಎತ್ತಿ ಕಿವಿಗಿಟ್ಟ. ವಾಕ್‌ಮನ್ನು ಇನ್ನೂ ಓಡುತ್ತಿತ್ತು. ಸ್ವಲ್ಪ ಹೊತ್ತು ಕೇಳಿ, ತೆಗೆದು, ಅಣ್ಣನ ಕೈಗೆ ಕೊಟ್ಟ.

"ಅಣ್ಣ," ಎಂದ ಮೆಲ್ಲಗೆ, "ಇದ್ರೊಳ್ಗೇ ಹುಳ ಮೇಯ್ತಾವಲ್ಲ."

ರಾಮಾಂಜಿನಯ್ಯ ಎರಡೂ ಕಿವಿಗೆ ಹಾಕಿಕೊಂಡು ಕೇಳಿದ. ಹೊಂಬಾಳಮ್ಮ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗಲೆಲ್ಲ ಹಿಂದಿನಿಂದ ಸೋನೆ. ತೊಂಬತ್ತೆಂಟರ ಹುಳ. ಗೂಡು ಕಟ್ಟಿ, ನೂಲಾಗಿ, ಸೀರೆಯಾಗಿ, ಯಾರದೋ ಧಾರೆ ಮುಗಿಸಿ, ಪೆಟ್ಟಿಗೆಯಲ್ಲಿ ಮಲಗಿರುವ ಹುಳ. ಅವು ಇನ್ನೂ ಮೇಯುತ್ತಿದ್ದವು.

ಮಾರನೇ ದಿನ ಹಿತ್ತಿಲಲ್ಲಿ ಗುಂಡಿ ತೆಗೆದು, ಸುಣ್ಣ ಹಾಕಿ ಎಲ್ಲವನ್ನೂ ಮುಚ್ಚಿದರು. ಹುಳದ ಮನೆಯ ಬೀಗದ ಕೈಯನ್ನು ರಾಮಾಂಜಿನಯ್ಯ ತಾನಾಗಿಯೇ ಕೊಟ್ಟ. ಕನಕರಾಜುವೇ ಇನ್ನೊಂದು ಬೆಳೆ ನೋಡೋಣ ಎಂದರೂ ಕೇಳಲಿಲ್ಲ. ಆಷಾಢದಲ್ಲಿ ಅದೇ ಮನೆಗೆ ಗಿರಣಿ ಬಂತು.

ನಾನು ಸುಮ್ಮನಿರಲಾರದೆ ತುಮಕೂರಿನ ಕ್ಯಾಸೆಟ್ಟಿನ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಮೇಯುವ ಸದ್ದನ್ನು ಆದಷ್ಟೂ ಅಡಗಿಸಿ ಹಾಡನ್ನು ಉಳಿಸಿ ಕೊಡಬಹುದು ಎಂದರು. ಬಂದು ಹೇಳಿದೆ.

"ಬ್ಯಾಡ ಬುಡಣ್ಣ. ಅದ್ ಹೋದ್ರೆ ಅವ್ಳು ಎಲ್ ನಿಂತ್ಕಂಡ್ ಹಾಡ್ತಾಳೆ?"

"ಹಂಗಾದ್ರೆ ಇದ್ದಂಗೇ ಕೇಳು."

"ಕೇಳುದ್ರೆ ಹುಳ ಬದ್ಕವೆ ಅನ್ಸತ್ತೆ. ಎದ್ದು ಸೊಪ್ಪಿಗೆ ಹೊಂಟೋಯ್ತೀನಿ."

ಎರಡು ಸಲ ಹಾಗೆ ಹೋಗಿಯೂ ಇದ್ದನಂತೆ. ಕುಕ್ಕೆ ತುಂಬ ಸೊಪ್ಪು ಕೊಯ್ದು ತಂದು, ಗಿರಣಿಯ ಬಾಗಿಲಲ್ಲಿ, ರಾಗಿ ಬೀಸಿಸುವವರ ಸಾಲಿನ ಕೊನೆಯಲ್ಲಿ ನಿಂತಿದ್ದನಂತೆ.