ಮಂಜು ತೆಗೆದ ಏಳನೆಯ ಭಾಗ

ನಲವತ್ತೊಂದು ವರ್ಷ ವಯಸ್ಸಿನ, ಕನ್ನಡಕದ ಅಂಗಡಿ ಇಟ್ಟುಕೊಂಡು ನಾಲ್ಕು ಜನರ ಕಣ್ಣಿಗೆ ಮರ್ಯಾದಸ್ಥನಾಗಿ ಕಾಣುವ ನಾನು, ಮಂಜಿನ ವಿಷಯಕ್ಕೆ ಸ್ನೇಹಿತರೊಬ್ಬರ ಜೊತೆ ಮಾತು ಬಿಟ್ಟಿದ್ದೆ. ಅದೂ ಬೆಟ್ಟದ ಮೇಲಿನ ಮಂಜಲ್ಲ, ಕಂಪ್ಯೂಟರ್ ಆಟದೊಳಗಿನ ಮಂಜು.

ಕಳೆದುಹೋದ ತಮ್ಮನನ್ನು ಹುಡುಕುತ್ತ ಒಬ್ಬ ಹೆಂಗಸು ದ್ವೀಪದಿಂದ ದ್ವೀಪಕ್ಕೆ ದೋಣಿಯಲ್ಲಿ ಹೋಗುವ ಆಟ ಅದು. ನಾನು ಹೈಸ್ಕೂಲಿನಲ್ಲಿದ್ದಾಗ ಶುರುವಾದದ್ದು ಈಗ ಏಳನೆಯ ಭಾಗಕ್ಕೆ ಬಂದಿದೆ. ತಮ್ಮ ಇನ್ನೂ ಸಿಕ್ಕಿಲ್ಲ. ಮೈಸೂರಿನಲ್ಲಿ ಇದರ ಅಭಿಮಾನಿಗಳು ಹದಿನಾಲ್ಕು ಜನ ಇದ್ದೇವೆ, ಮೊಬೈಲಿನಲ್ಲಿ ನಮ್ಮದೊಂದು ಗ್ರೂಪ್ ಇದೆ. ಅಷ್ಟು ಜನರಲ್ಲಿ ನನಗೆ ಹೆಚ್ಚು ಬೇಕಾದವರು ಕೆಸರೆಯಲ್ಲಿ ಹಿಟ್ಟಿನ ಗಿರಣಿ ನಡೆಸುವ ನಂಜುಂಡಸ್ವಾಮಿ. ಪ್ರತಿ ಭಾನುವಾರ ಅವರ ಮನೆಯಲ್ಲೇ ನನ್ನ ಕಾಫಿ.

ಹಳೆಯ ಭಾಗಗಳಲ್ಲಿ ಒಂದೇ ದಾರಿ, ಬೀಗ ಹಾಕಿದ ಬಾಗಿಲುಗಳು, ದಟ್ಟ ಮಂಜು, ಎಲ್ಲೋ ದೂರದಲ್ಲಿ ಒಂಟಿ ಪಿಯಾನೊ. ಏಳನೆಯದರಲ್ಲಿ ಮಂಜನ್ನು ತೆಗೆದು ಇಡೀ ಸಮುದ್ರವನ್ನೇ ಬಿಚ್ಚಿಟ್ಟಿದ್ದಾರೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಮನಸ್ಸು ಬಂದರೆ ಮೀನೂ ಹಿಡಿಯಬಹುದು. ನಂಜುಂಡಸ್ವಾಮಿ ಇದನ್ನು ಹೊಸತನ ಎಂದರು. ನಾನು ಭಾವದ ಕೊಲೆ ಎಂದೆ. ವಿಭಾವವೇ, ಅಂದರೆ ಭಾವವನ್ನು ಎಬ್ಬಿಸುವ ಸನ್ನಿವೇಶವೇ ಇಲ್ಲದಿದ್ದರೆ ರಸ ಎಲ್ಲಿಂದ ಹುಟ್ಟಬೇಕು ಎಂದು, ಬಿ.ಎ.ಯಲ್ಲಿ ಅರೆಬರೆ ಓದಿದ ಕಾವ್ಯಮೀಮಾಂಸೆಯನ್ನೆಲ್ಲ ಗ್ರೂಪಿಗೆ ಸುರಿದೆ. ಅವರು ಒಂದೇ ಸಾಲು ಬರೆದರು: “ಸಾರ್, ನಿಮ್ಗೆ ಕಾಣೆಯಾಗಿರೋದು ಮಂಜಲ್ಲ, ನಿಮ್ಮ ಹೈಸ್ಕೂಲು.” ಹನ್ನೆರಡು ಜನ ಅದರ ಕೆಳಗೆ ನಗುವ ಮುಖ ಒತ್ತಿದರು. ಮುಂದಿನ ಮೂರು ಭಾನುವಾರ ನಾನು ಮನೆಯಲ್ಲೇ ಕಾಫಿ ಕುಡಿದೆ.

ನನಗೊಬ್ಬರು ಸಾಕ್ಷಿ ಬೇಕಾಗಿತ್ತು. ಕುವೆಂಪುನಗರದಲ್ಲಿರುವ ಗಿರಿಜಕ್ಕ ನೆನಪಾದಳು. ಮೂರನೆಯ ಭಾಗವನ್ನು ಒಂದು ಬೇಸಿಗೆ ರಜೆಯಿಡೀ ನಾವಿಬ್ಬರೂ ಒಂದೇ ಕುರ್ಚಿಯಲ್ಲಿ ಅಂಟಿಕೊಂಡು ಕೂತು ಆಡಿದ್ದೆವು. ಆ ಮೌನ, ಆ ಪಿಯಾನೊ ಅವಳಿಗೂ ನೆನಪಿರಲೇಬೇಕು. ಅವಳ ನಾಲ್ಕು ಮಾತು ಗ್ರೂಪಿಗೆ ಹಾಕಿದರೆ ಗಿರಣಿಯವರ ಬಾಯಿ ಮುಚ್ಚಿಸಬಹುದು ಅಂತ ಲೆಕ್ಕ ಹಾಕಿ ಸ್ಕೂಟರ್ ಹತ್ತಿದೆ.

ಅಕ್ಕ ಹುರುಳಿಕಾಯಿ ಬಿಡಿಸುತ್ತಿದ್ದಳು. ನಾನು ಕೇಳಿದ್ದಕ್ಕೆ, ಯಾವ ಪಿಯಾನೊ ಎಂದಳು.

“ನೀನು ಒಬ್ನೇ ಆಡೋಕೆ ಹೆದರ್ತಿದ್ದೆ ಕಣೋ. ಅದಕ್ಕೇ ಅಮ್ಮ ನನ್ನನ್ನ ನಿನ್ನ ಪಕ್ಕದಲ್ಲಿ ಕೂರಿಸ್ತಿದ್ರು. ನಾನು ತೊಡೆ ಮೇಲೆ ಪುಸ್ತಕ ಇಟ್ಕೊಂಡು ಡಿಗ್ರಿ ಪರೀಕ್ಷೆಗೆ ಓದ್ಕೊಳ್ತಿದ್ದೆ.”

ಇಪ್ಪತ್ತೈದು ವರ್ಷ ಜತನದಿಂದ ಕಾಪಾಡಿಕೊಂಡ ನೆನಪು ಹುರುಳಿಕಾಯಿಯ ನಾರಿನ ಜೊತೆ ತಟ್ಟೆಗೆ ಬಿತ್ತು. ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿರಬೇಕು. ಹೊಸದನ್ನು ತಂದಿದ್ದರೆ ತೋರಿಸು ಎಂದಳು.

ಲ್ಯಾಪ್‌ಟಾಪ್ ತೆರೆದುಕೊಟ್ಟೆ. ತಮ್ಮನನ್ನು ಹುಡುಕಬೇಕು ಎಂದು ಹೇಳಿಕೊಟ್ಟರೂ ಕೇಳದೆ ಅವಳು ಒಂದು ಬಿಳಿ ಹಕ್ಕಿಯ ಹಿಂದೆ ದೋಣಿ ತಿರುಗಿಸಿದಳು. ಆಮೇಲೆ ಮೀನು, ಆಮೇಲೆ ಮತ್ತೊಂದು ಹಕ್ಕಿ. ನಾನು ಒಳಗೊಳಗೇ ಹಲ್ಲು ಕಡಿದೆ. ಒಂದು ಗಂಟೆಯಾದ ಮೇಲೆ ದೋಣಿ ಯಾವುದೋ ಪುಟ್ಟ ದ್ವೀಪಕ್ಕೆ ತಗುಲಿತು. ಅಲ್ಲೊಂದು ಗುಡಿಸಲು, ಒಳಗೆ ಅಡುಗೆಮನೆ. ಎರಡು ತಟ್ಟೆ ಹಾಕಿತ್ತು. ಒಂದರಲ್ಲಿ ಊಟ ಮುಗಿದಿತ್ತು, ಇನ್ನೊಂದು ಖಾಲಿಯಾಗಿ ಕಾಯುತ್ತಿತ್ತು.

ಅಕ್ಕನ ಕೈ ನಿಂತಿತು. “ತಮ್ಮ ಅವಳಿಗೂ ತಟ್ಟೆ ಹಾಕಿದ್ದಾನೆ ನೋಡೋ,” ಎಂದವಳು ನನ್ನ ತೋಳು ಹಿಡಿದುಕೊಂಡಳು. ಬಹಳ ಹೊತ್ತು ಬಿಡಲಿಲ್ಲ.

ನಲವತ್ತು ಗಂಟೆ ಆಡಿದ್ದ ನಾನು ಆ ದ್ವೀಪವನ್ನು ನೋಡಿಯೇ ಇರಲಿಲ್ಲ. ಹಳೆಯ ಅಭ್ಯಾಸಬಲದಿಂದ ಒಂದೇ ನೇರ ದಾರಿ ಹಿಡಿದು ಹೋಗಿ, ಏನೂ ಸಿಗಲಿಲ್ಲ ಎಂದು ಊರಿಗೆಲ್ಲ ದೂರು ಹೇಳಿದ್ದೆ.

ಮರುದಿನ ಕೆಸರೆಗೆ ಹೋದೆ. ಸೋತದ್ದನ್ನು ಗ್ರೂಪಿನಲ್ಲಿ ಬರೆಯುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಮುಖ ನೋಡಿ ಹೇಳುವುದು ಸುಲಭ ಅನ್ನಿಸಿತು. ಗಿರಣಿಯ ಸದ್ದಿನಲ್ಲಿ ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ಎರಡನೆಯ ಸಲ ಕೂಗಿದೆ. ಅವರು ಕೈ ಚಾಚಿ ಯಂತ್ರ ನಿಲ್ಲಿಸಿಬಿಟ್ಟರು.

ನಾನು ಎಲ್ಲ ಹೇಳಿದೆ. ಅವರು ಗೆದ್ದವರಂತೆ ನಗಲಿಲ್ಲ. ಹುಬ್ಬಿನ ಮೇಲಿನ ರಾಗಿಹಿಟ್ಟು ಒರೆಸಿಕೊಂಡು, ತಾವು ಈಗಲೂ ವರ್ಷಕ್ಕೊಮ್ಮೆ ಮೂರನೆಯ ಭಾಗವನ್ನೇ ಆಡುವುದಾಗಿ ಒಪ್ಪಿಕೊಂಡರು. “ದಿನವೆಲ್ಲ ಈ ಸದ್ದು ಕೇಳ್ಕೊಂಡಿರ್ತೀನಲ್ಲ ಸಾರ್. ಆ ಮಂಜೊಳಗೆ ಹೋದ್ರೇನೇ ಕಿವಿಗೆ ಸ್ವಲ್ಪ ಸುಖ.” ಇದನ್ನು ಗ್ರೂಪಿನಲ್ಲಿ ಯಾಕೆ ಬರೆಯಲಿಲ್ಲ ಎಂದು ಕೇಳಿದೆ. ನೀವು ಗೆದ್ದುಬಿಡ್ತಿದ್ರಲ್ಲ ಎಂದರು.

ಅಷ್ಟರಲ್ಲಿ ಹೊರಗೆ ಡಬ್ಬ ಇಟ್ಟುಕೊಂಡು ಕಾಯುತ್ತಿದ್ದ ಅಜ್ಜಿಯೊಬ್ಬರು ಒಳಗೆ ಇಣುಕಿ, ಕರೆಂಟು ಹೋಯಿತೇ ಎಂದು ವಿಚಾರಿಸಿದರು.

“ಇಲ್ಲ ಕಣಮ್ಮ,” ಎಂದರು ನಂಜುಂಡಸ್ವಾಮಿ. “ನಾವೇ ನಿಲ್ಲಿಸಿದೀವಿ. ಇಬ್ರೂ ಸ್ವಲ್ಪ ಮಾತಾಡೋದಿತ್ತು.”