ಮೆಮೊರಿ ಸಾಲದ ಆಡು

ಸ್ವಲ್ಪ ತಾಳಿ, ಆಡಿನ ವಿಷಯಕ್ಕೆ ಬಂದೇ ಬರುತ್ತೇನೆ. ಅದಕ್ಕೂ ಮೊದಲು ಗೆಳೆಯನ ಬಗ್ಗೆ ಹೇಳಬೇಕು.

ಎರಡು ಸಾವಿರದ ಆಚೀಚಿನ ವರ್ಷಗಳು. ನಾನು ನಂಜನಗೂಡಿನ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡುತ್ತಿದ್ದೆ. ಅವನು ಹೆಮ್ಮಿಗೆಯವನು, ಟಿ. ನರಸೀಪುರದ ಇನ್ನೊಂದು ಅಂಗಡಿಯಲ್ಲಿ ಅದೇ ಕೆಲಸ. ಇಬ್ಬರಿಗೂ ಕಂಪ್ಯೂಟರ್ ಯಾರೂ ಹೇಳಿಕೊಟ್ಟಿರಲಿಲ್ಲ. ಕೆಡಿಸಿ ಕೆಡಿಸಿಯೇ ಕಲಿತದ್ದು. ಮಕ್ಕಳಿಗೆ ಅಕ್ಷರ ಕಲಿಸುವ ಪ್ರೋಗ್ರಾಂ ಬರೆಯಲು ಹೊರಟಿದ್ದೆವು. ಅಕ್ಷರ ಒತ್ತಿದರೆ ಚಿತ್ರ ಬರಬೇಕು, ದನಿ ಕೇಳಬೇಕು. ಒಬ್ಬ ಬರೆದದ್ದನ್ನು ಇನ್ನೊಬ್ಬ ಅಳಿಸಿ ಜಗಳವಾಗುತ್ತಿತ್ತು. ಅದಕ್ಕೇ, ಯಾರು ಏನು ಬದಲಿಸಿದರೆಂದು ನೆನಪಿಡುವ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರ್ ಹಾಕಿಕೊಂಡೆವು. ನೆಟ್ ದುಬಾರಿ. ಹಾಗಾಗಿ ನಾವು ಬರೆದದ್ದೆಲ್ಲ ತುಂಬಿದ ಅದರ ಇಡೀ ಭಂಡಾರ ಸಿ.ಡಿ.ಯಲ್ಲಿ ಕೂತು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಎರಡೂ ಊರಿಗೆ ಓಡಾಡುತ್ತಿತ್ತು.

ಆಮೇಲೆ ಅವನಿಗೆ ರಾಯಚೂರು ಕಡೆ ಮೇಷ್ಟ್ರ ಕೆಲಸ ಸಿಕ್ಕಿತು. ಹೊರಡುವ ದಿನ ಬಸ್ ಸ್ಟ್ಯಾಂಡಿನ ಬೂತ್‌ನಿಂದ ನಮ್ಮ ಅಂಗಡಿಗೆ ಫೋನ್ ಮಾಡಿದ.

“ಸೀಡಿ ಕಳ್ಸಿವ್ನಿ ಕಣ್ಲಾ. ಆಡು ಆಕಿವ್ನಿ ಅದ್ರೊಳ್ಗೆ. ಒಸಿ ದೊಡ್ಡದಾಗೋಯ್ತು.”

ನಮ್ಮ ‘ಆ’ ಪುಟಕ್ಕೆ ಆಡಿನ ಚಿತ್ರ ಬಾಕಿಯಿತ್ತು. “ಗಡ್ಡ ಇದೆಯೇನೋ ಅದಕ್ಕೆ?” ಎಂದೆ.

“ಯಾವ ಗಡ್ಡ ಲಾ? ತಲೆಗಿಲೆ ಕೆಟ್ಟೋಗದಾ ನಿಂಗೆ? ಬಸ್ ಬಂತು, ಬತ್ತೀನಿ.”

ಸಿ.ಡಿ. ಬಂತು. ಭಂಡಾರವನ್ನು ನನ್ನ ಕಂಪ್ಯೂಟರಿಗೆ ಹಾಕಿಕೊಂಡು, ಅವನು ಹೊಸದಾಗಿ ಸೇರಿಸಿದ್ದನ್ನು ಇಳಿಸಿಕೊಳ್ಳಲು ಅಪ್‌ಡೇಟ್ ಕೊಟ್ಟೆ. ಅರ್ಧಕ್ಕೆ ನಿಂತು ‘ಔಟ್ ಆಫ್ ಮೆಮೊರಿ’ ಎಂದಿತು. ಬೇರೆ ಪ್ರೋಗ್ರಾಂ ಎಲ್ಲ ಮುಚ್ಚಿದೆ. ವರ್ಚುವಲ್ ಮೆಮೊರಿ ಏರಿಸಿದೆ. ರ‍್ಯಾಮ್ ಬಿಚ್ಚಿ, ಆ ಮೆಮೊರಿ ಪಟ್ಟಿಯ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದೆ. ಅದೇ ಮಾತು. ನನಗೋ ಹಟ. ಹೋಗುವ ಮುನ್ನ ಅವನು ಮಾಡಿಟ್ಟದ್ದೇನೆಂದು ನೋಡಲೇಬೇಕಿತ್ತು. ಇನ್ನು ಆ ಬಸ್ಸಿನಲ್ಲಿ ಸಿ.ಡಿ. ಬರುವುದಿಲ್ಲವಲ್ಲ.

ಅಂಗಡಿ ಯಜಮಾನರು ಇಣುಕಿದರು. “ಏನೋ ಅದು, ಬೆಳಗ್ಗಿಂದ ಅದನ್ನೇ ದಿಟ್ಟಿಸ್ಕೊಂಡು ಕೂತಿದ್ದೀಯ?”

“ಆಡು ಬರ್ತಾ ಇಲ್ಲ ಸಾ.”

“ಸೊಪ್ಪು ತೋರ್ಸು, ಬತ್ತದೆ. ಮೊದ್ಲು ಆ ಲಗ್ನಪತ್ರಿಕೆ ಮುಗ್ಸು.”

ಆಡಿನ ಚಿತ್ರವೇ ಭಾರವೆಂದುಕೊಂಡು, ಚಿತ್ರಗಳ ಫೋಲ್ಡರ್ ಬಿಟ್ಟು ಉಳಿದದ್ದನ್ನು ಇಳಿಸಲು ನೋಡಿದೆ. ಆಗಲೂ ಅದೇ ಎರರ್. ಕೊನೆಗೆ ಒಂದೊಂದೇ ಫೋಲ್ಡರ್ ಕರೆದೆ. ಚಿತ್ರಗಳು ಸಲೀಸಾಗಿ ಬಂದವು. ಅವುಗಳಲ್ಲಿ ಆಡೇ ಇರಲಿಲ್ಲ! ದನಿಗಳ ಫೋಲ್ಡರಿಗೆ ಕೈ ಹಾಕಿದೆ ನೋಡಿ, ಮೆಮೊರಿ ಸಾಲಲಿಲ್ಲ. ಆಗ ಹೊಳೆಯಿತು. ಹೆಮ್ಮಿಗೆಯವನ ಬಾಯಲ್ಲಿ ‘ಹ’ ಎಲ್ಲಿ ನಿಲ್ಲುತ್ತದೆ? ಅವನು ಹಾಕಿದ್ದು ಹಾಡು! ರೆಕಾರ್ಡ್ ಆದದ್ದನ್ನು ಚಿಕ್ಕದು ಮಾಡದೆ ಹಾಗೆಯೇ ಸೇರಿಸಿದ್ದ. ಆ ಸಾಫ್ಟ್‌ವೇರ್ ಎಂಥ ಫೈಲನ್ನೂ ಒಂದೇ ತುತ್ತಿಗೆ ನುಂಗಲು ನೋಡುತ್ತಿತ್ತು. ಅವನ ಅಂಗಡಿಯ ಹೊಸ ಕಂಪ್ಯೂಟರಿಗೆ ಅದು ದಕ್ಕಿತ್ತು, ನನ್ನ ಹಳೆಯದಕ್ಕೆ ಗಂಟಲಲ್ಲೇ ಸಿಕ್ಕಿಕೊಂಡಿತ್ತು.

ಯಜಮಾನರನ್ನು ಕಾಡಿ, ಅವರ ಕಂಪ್ಯೂಟರಿನ ರ‍್ಯಾಮ್ ಬಿಚ್ಚಿ ನನ್ನದಕ್ಕೆ ಸೇರಿಸಿದೆ. ಫೈಲು ಬಂತು.

ಅಕ್ಷರಗಳಿಗೆಲ್ಲ ಅವನೇ ಕಟ್ಟಿದ ಹಾಡು. ಶುರುವಿಗೆ ಮುಂಚೆ ಯಾರಿಗೋ, “ಏ, ಬಾಗ್ಲಾಕ್ರಲಾ, ರೆಕಾರ್ಡ್ ಆಯ್ತಾ ಅದೆ” ಎನ್ನುತ್ತಾನೆ. ‘ಹ’ ಬಂದಾಗ ತಡವರಿಸಿ, ಉಸಿರು ಕಟ್ಟಿ, “ಹಕ್ಕಿ” ಎಂದು ಸರಿಯಾಗಿಯೇ ಹೇಳಿ, ಗೆದ್ದವನ ಹಾಗೆ ನಕ್ಕುಬಿಡುತ್ತಾನೆ. ಪ್ರೋಗ್ರಾಂಗೆ ಹಾಕಬೇಕೆಂದರೆ ಆ ನಗು, ಆ ಬಾಗಿಲ ಮಾತು ಎರಡನ್ನೂ ಕತ್ತರಿಸಬೇಕಿತ್ತು. ಕತ್ತರಿಸಲು ಕೂತೆ, ಮನಸ್ಸು ಬರಲಿಲ್ಲ. ಪ್ರೋಗ್ರಾಂ ಮುಗಿಯಲೇ ಇಲ್ಲ. ನಾನು ಬರೆದದ್ದನ್ನು ಅಳಿಸಿ ಜಗಳಕ್ಕೆ ಬರುವವನೇ ಇಲ್ಲದ ಮೇಲೆ ಬರೆಯುವ ಹುಮ್ಮಸ್ಸು ಎಲ್ಲಿಂದ? ಆಮೇಲೂ ಎಷ್ಟೋ ಸಲ ಸುಮ್ಮನೆ ಅಪ್‌ಡೇಟ್ ಕೊಟ್ಟು ನೋಡುತ್ತಿದ್ದೆ. ಹೊಸದೇನೂ ಇರುವುದಿಲ್ಲವೆಂದು ಗೊತ್ತಿದ್ದೂ.

ನಿಮ್ಮ ಹಳೆಯ ಕಂಪ್ಯೂಟರಿನಲ್ಲೂ ಯಾರದ್ದಾದರೂ ದನಿ ಹೀಗೆ ಸಿಕ್ಕಿಹಾಕಿಕೊಂಡಿತ್ತಾ? ಹೇಗೆ ಬಿಡಿಸಿಕೊಂಡಿರಿ? ನನಗೂ ಬರೆದು ತಿಳಿಸಿ.