ಬಟ್ಟೆ ಪುಸ್ತಕದ ಹೊಟ್ಟೆಯಲ್ಲಿ ರೊಟ್ಟಿ

ಗೆಳೆಯರೇ, ಇವತ್ತು ಬೆಳಿಗ್ಗೆ ನಮ್ಮ ಮನೆಯ ಫೆಲ್ಟ್ ಬಟ್ಟೆಯ ಪುಸ್ತಕಕ್ಕೆ ಇರುವೆ ಹತ್ತಿದ್ದವು. ಸುದ್ದಿ ತಂದವಳು ನಾಲ್ಕು ವರ್ಷದ ಮಗಳು.

ಹೆಂಡತಿ ಬೈಲಹೊಂಗಲದ ಒಂದು ಬಾಲವಾಡಿಯಲ್ಲಿ ಕಲಿಸುತ್ತಾಳೆ. ಮಕ್ಕಳು ಗುಂಡಿ ಹಾಕುವುದು, ಜಡೆ ಹೆಣೆಯುವುದು ಕಲಿಯಲೆಂದು ತಿಂಗಳಿಡೀ ಕೂತು ಹೊಲಿದ ಪುಸ್ತಕ ಅದು. ನಾಳೆ ಮೇಲ್ವಿಚಾರಕಿ ನೋಡಿ ಒಪ್ಪಿದರೆ ಮಾತ್ರ ಮಕ್ಕಳ ಕೈಗೆ ಹೋಗುತ್ತದೆ.

ಕೊನೆಯ ಪುಟ ಬಿಚ್ಚಿದರೆ ಒಳಗೆ ಜೋಳದ ರೊಟ್ಟಿಯ ತುಂಡು, ಬೆಲ್ಲದ ಸಮೇತ. ಆ ಪುಟದ ಅಂಚು ಹೊಲಿದವಳು ನನ್ನ ಅವ್ವ.

"ಅತ್ತಿ, ಏನ್ರಿ ಇದು?" ಎಂದಳು ಹೆಂಡತಿ.

"ಕೌದಿ ಹೊಟ್ಟಿ ಖಾಲಿ ಬಿಡಬಾರದು ಯವ್ವಾ."

"ಇದು ಕೌದಿ ಅಲ್ರಿ, ಪುಸ್ತಕ."

"ತುಂಡ ಬಟ್ಟಿ ಕೂಡಿಸಿ ಹೊಲದಿ, ಕೌದಿನ ಆತು. ಹಸದದ್ದನ್ನ ಹುಡುಗೂರ ಕೈಯಾಗ ಕೊಡ್ತಿಯೇನು?"

ನನಗೆ ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವ್ವ ಹೂಲಿಯ ಮನೆಯಲ್ಲಿ ಹಳೆ ಬಟ್ಟೆಯ ತುಂಡುಗಳಿಂದ ಹೊಲಿದ ಹೊದಿಕೆ, ಆ ಕೌದಿ ನೆನಪಾಯಿತು. ಅಪ್ಪನ ಧೋತರ, ಅವಳ ಇಳಕಲ್ ಸೀರೆ, ನನ್ನ ಸಾಲೆಯ ಚಡ್ಡಿ ಎಲ್ಲ ಅದರಲ್ಲಿದ್ದವು. ಕೌದಿ ಹೊಲಿದು ಮುಗಿಸುವಾಗ ಒಂದು ತೇಪೆಯೊಳಗೆ ರೊಟ್ಟಿಯ ಚೂರಿಡುವುದು ನಮ್ಮ ಕಡೆಯ ರೂಢಿ. ಅದನ್ನು ಹೊದ್ದು, ರೊಟ್ಟಿ ಇಟ್ಟ ತೇಪೆ ಯಾವುದೆಂದು ಬೆರಳಾಡಿಸಿ ಹುಡುಕುತ್ತ ನಾನೂ ತಂಗಿಯೂ ನಿದ್ದೆ ಹೋಗುತ್ತಿದ್ದೆವು. ಅದಕ್ಕೆ ಒಮ್ಮೆಯೂ ಇರುವೆ ಹತ್ತಿರಲಿಲ್ಲ.

ಯಾಕೆಂದು ಕೇಳಿದೆ. "ಅದಕ್ಕ ಬೆಲ್ಲ ಹಾಕಿದ್ದಿಲ್ಲೋ. ಇದು ಸಣ್ಣ ಹುಡುಗೂರದಲ್ಲಾ, ಸಿಹಿ ಇರಲಿ ಅಂತ ಹಾಕಿದೆ" ಎಂದಳು ಅವ್ವ.

ಹೆಂಡತಿ ಇರುವೆ ಕೊಡವಿದಳು. ಪುಟ ಒಗೆದು ಒಣಹಾಕಿದಳು. ಸಂಜೆ ತಾನೇ ಅತ್ತೆಯಿಂದ ಖಡಕ್ ರೊಟ್ಟಿಯ ಚೂರೊಂದನ್ನು ಕೇಳಿ ಇಸಿದುಕೊಂಡು, ಒಳಗಿಟ್ಟು ಹೊಲಿದಳು. ಬೆಲ್ಲ ಇಲ್ಲ.

ಮೇಲ್ವಿಚಾರಕಿ ನಾಳೆ ಹನ್ನೊಂದು ಗಂಟೆಗೆ ಬರುತ್ತಾರೆ.